ಸೂಪರ್‌ಚಾರ್ಜರ್ ಆಯ್ಕೆ: ಗಾಳಿಯ ಲೆಕ್ಕದಿಂದ ಪುಲ್ಲಿಯ ಅಳತೆಯವರೆಗೆ

ಎಂಜಿನ್ನಿನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕ್‌ನಿಂದ ಬೆಲ್ಟಿನ ಮೂಲಕ ತಿರುಗುತ್ತ ಎಂಜಿನ್ನಿಗೆ ಹೆಚ್ಚುವರಿ ಗಾಳಿ ತುಂಬುವ ಯಂತ್ರವೇ ಸೂಪರ್‌ಚಾರ್ಜರ್. ಅದನ್ನು ಕೊಳ್ಳಲು ಹೊರಟವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ "ಎಷ್ಟು ಪಿಎಸ್‌ಐ ಬೂಸ್ಟ್ ಕೊಡುತ್ತದೆ?" ಎಂಬುದು. ಬೂಸ್ಟ್ ಎಂದರೆ ವಾತಾವರಣದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ, ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಅದರ ಅಳತೆ. ಈ ಪ್ರಶ್ನೆಯಿಂದ ಶುರುವಾದ ಆಯ್ಕೆ ಬಹುತೇಕ ತಪ್ಪು ದಾರಿ ಹಿಡಿಯುತ್ತದೆ. ಎಂಜಿನ್ ಒಳಗೆಳೆದುಕೊಳ್ಳಲಾರದೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಒತ್ತರಿಸಿಕೊಂಡು ನಿಂತ ಗಾಳಿಯ ಒತ್ತಡವನ್ನಷ್ಟೇ ಬೂಸ್ಟ್ ಮೀಟರಿನ ಮುಳ್ಳು ತೋರಿಸುತ್ತದೆ. ಅದೇ ಸೂಪರ್‌ಚಾರ್ಜರನ್ನು ಅದೇ ಪುಲ್ಲಿಯೊಂದಿಗೆ ಉಳಿಸಿಕೊಂಡು, ಗಾಳಿ ಸಲೀಸಾಗಿ ಹರಿಯುವ ಸಿಲಿಂಡರ್ ಹೆಡ್ಡುಗಳನ್ನೂ ಅದಕ್ಕೆ ತಕ್ಕ ಎಕ್ಸಾಸ್ಟನ್ನೂ ಹಾಕಿದರೆ ಮುಳ್ಳು ಕೆಳಗಿಳಿಯುತ್ತದೆ, ಆದರೆ ಶಕ್ತಿ ಏರುತ್ತದೆ. ಆದ್ದರಿಂದ ಬೇಕಾದ ಶಕ್ತಿಗೆ ನಿಮಿಷಕ್ಕೆ ಎಷ್ಟು ಕಿಲೋ ಗಾಳಿ ಬೇಕು, ಆ ಗಾಳಿಯನ್ನು ಒತ್ತುವಾಗ ಅದು ಎಷ್ಟು ಬಿಸಿಯಾಗುತ್ತದೆ ಎಂಬ ಎರಡು ಲೆಕ್ಕಗಳನ್ನು ಮೊದಲು ಮುಗಿಸಿ, ಆಮೇಲೆ ಅಂಗಡಿಯ ಕಡೆ ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೆಕ್ಕಗಳು ಗಾಳಿಯಲ್ಲಿ ತೇಲದಿರಲೆಂದು ಒಂದೇ ಎಂಜಿನ್ನನ್ನು ಉದ್ದಕ್ಕೂ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಅದು ಜನರಲ್ ಮೋಟಾರ್ಸ್ 2008ರ ಕಾರ್ವೆಟ್‌ನಲ್ಲಿ ಪರಿಚಯಿಸಿದ ಎಲ್‌ಎಸ್3. ಎಂಟು ಸಿಲಿಂಡರ್, 6.2 ಲೀಟರ್, ಬೋರ್ (ಸಿಲಿಂಡರಿನ ವ್ಯಾಸ) 103.25 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಟದ ಉದ್ದ) 92 ಮಿ.ಮೀ., ಕಂಪ್ರೆಷನ್ ಅನುಪಾತ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) 10.7:1, ಕಾರ್ಖಾನೆಯ ಲೆಕ್ಕದಲ್ಲಿ 5900 ಆರ್‌ಪಿಎಂನಲ್ಲಿ 430 ಅಶ್ವಶಕ್ತಿ. ಇದನ್ನು ಆರಿಸಿದ್ದಕ್ಕೆ ಮುಖ್ಯ ಕಾರಣವೆಂದರೆ, ಇದೇ ಕುಟುಂಬದ ಎಲ್‌ಎಸ್9 ಎಂಜಿನ್‌ಗೆ ಕಾರ್ಖಾನೆಯವರೇ ಸೂಪರ್‌ಚಾರ್ಜರ್ ಕೂರಿಸಿ 2009ರ ಕಾರ್ವೆಟ್ ಝಡ್‌ಆರ್1 ಕಾರಿನಲ್ಲಿ ಮಾರಾಟಕ್ಕೆ ತಂದರು. 2.3 ಲೀಟರ್‌ನ ಈಟನ್ ಸೂಪರ್‌ಚಾರ್ಜರ್, ಗರಿಷ್ಠ 10.5 ಪಿಎಸ್‌ಐ ಬೂಸ್ಟ್, 9.1:1 ಕಂಪ್ರೆಷನ್, 638 ಅಶ್ವಶಕ್ತಿ. ನಮ್ಮ ಲೆಕ್ಕ ಸರಿದಾರಿಯಲ್ಲಿದೆಯೇ ಎಂದು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಕಲ್ಲು ಸಿಗಲಾರದು.

ಮೊದಲ ಹೆಜ್ಜೆ: ಶಕ್ತಿ ಎಲ್ಲಿ ಬೇಕು, ಎಷ್ಟು ಹೊತ್ತು ಬೇಕು

ಗುರಿಯನ್ನು ಒಂದು ಕಾಗದದ ಮೇಲೆ ಬರೆದಿಡಿ. "ಸಾಧ್ಯವಾದಷ್ಟು ಹೆಚ್ಚು" ಎಂಬುದು ಗುರಿಯಲ್ಲ. "ಕ್ರ್ಯಾಂಕ್‌ನಲ್ಲಿ 600 ಅಶ್ವಶಕ್ತಿ, 6500 ಆರ್‌ಪಿಎಂ ಮಿತಿ, ಪೆಟ್ರೋಲ್ ಬಂಕಿನ ಇಂಧನ, ವಾರದ ದಿನಗಳಲ್ಲಿ ಆಫೀಸಿಗೂ ಓಡಿಸುವ ಕಾರು" ಎಂಬುದು ಗುರಿ. ಕಾಲು ಮೈಲಿಯ ಡ್ರ್ಯಾಗ್ ಓಟದಲ್ಲಿ ಎಂಜಿನ್ ಪೂರ್ತಿ ಶಕ್ತಿಯಲ್ಲಿ ದುಡಿಯುವುದು ಹತ್ತು ಹನ್ನೆರಡು ಸೆಕೆಂಡು ಮಾತ್ರ. ಸರ್ಕ್ಯೂಟಿನಲ್ಲಿ ಇಪ್ಪತ್ತು ನಿಮಿಷ ಬಿಡುವಿಲ್ಲದೆ ದುಡಿಯುತ್ತದೆ. ಮೊದಲನೆಯದಕ್ಕೆ ಒಪ್ಪುವ ಸೂಪರ್‌ಚಾರ್ಜರ್ ಎರಡನೆಯದರಲ್ಲಿ ಅತಿಯಾಗಿ ಬಿಸಿಯಾಗಿ ಸೋಲಬಹುದು.

ಇಂಧನದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ಬಂಕುಗಳಲ್ಲಿ ಬರೆದಿರುವ 91 ಅಥವಾ 93 ಎಂಬ ಆಕ್ಟೇನ್ ಸಂಖ್ಯೆ ಎರಡು ಬಗೆಯ ಪರೀಕ್ಷೆಗಳ ಸರಾಸರಿ. ಭಾರತದಲ್ಲಿ ಬರೆಯುವುದು ಆರ್‌ಒಎನ್ ಎಂಬ ಒಂದೇ ಪರೀಕ್ಷೆಯ ಸಂಖ್ಯೆ. ಅಲ್ಲಿನ 93 ಇಲ್ಲಿನ 97-98ಕ್ಕೆ ಹತ್ತಿರ ನಿಲ್ಲುತ್ತದೆ. ಅಮೆರಿಕದ ಕಿಟ್‌ನ ಕೈಪಿಡಿಯಲ್ಲಿ "91 ಸಾಕು" ಎಂದು ಓದಿ ಇಲ್ಲಿ 91 ಆರ್‌ಒಎನ್ ಪೆಟ್ರೋಲ್ ತುಂಬಿಸಿದರೆ ಎಂಜಿನ್, ಇಂಧನ ತಾನಾಗಿ ಸಿಡಿದು ಬಡಿಯುವ ನಾಕಿಂಗ್‌ಗೆ ಸಿಕ್ಕಿ ಹಾಳಾಗಬಹುದು. ಕ್ಯಾಲಿಫೋರ್ನಿಯದಲ್ಲಿರುವವರು ತಮ್ಮ ಕಡೆಯ ಬಂಕುಗಳಲ್ಲಿ ಸಾಮಾನ್ಯವಾಗಿ 91ಕ್ಕಿಂತ ಹೆಚ್ಚಿನದು ಸಿಗುವುದಿಲ್ಲ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

ಎರಡನೆಯ ಹೆಜ್ಜೆ: ಗಾಳಿಯ ಲೆಕ್ಕ

ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ. 6500 ಆರ್‌ಪಿಎಂನಲ್ಲಿ ನಿಮಿಷಕ್ಕೆ 3250 ಸಲ. 6.16 ಲೀಟರನ್ನು 3250ರಿಂದ ಗುಣಿಸಿದರೆ ಸುಮಾರು 20,000 ಲೀಟರ್. ಯಾವ ಸಾಮಾನ್ಯ ಎಂಜಿನ್ನೂ ನೂರಕ್ಕೆ ನೂರು ತುಂಬಿಕೊಳ್ಳುವುದಿಲ್ಲವಾದ್ದರಿಂದ ಶೇ. 90 ಎಂದು ಹಿಡಿದರೆ 18,000 ಲೀಟರ್. ಸಮುದ್ರ ಮಟ್ಟದಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.18 ಗ್ರಾಂ. ಹಾಗಾಗಿ ನಿಮಿಷಕ್ಕೆ 21.3 ಕಿಲೋ. ಪೆಟ್ರೋಲ್ ಎಂಜಿನ್‌ನಲ್ಲಿ ನಿಮಿಷಕ್ಕೆ ಒಂದು ಕಿಲೋ ಗಾಳಿ ಉರಿದರೆ ಸುಮಾರು 20 ಅಶ್ವಶಕ್ತಿ ಹುಟ್ಟುತ್ತದೆ ಎಂಬ ಕಸುಬುದಾರರ ಅಂದಾಜನ್ನು ಇಲ್ಲಿ ಇಟ್ಟರೆ 425 ಬರುತ್ತದೆ. ಕಾರ್ಖಾನೆಯ 430ಕ್ಕೆ ಇದು ಎಷ್ಟು ಹತ್ತಿರವಿದೆ ಎಂಬುದನ್ನು ಗಮನಿಸಿ. ಅಂದಾಜು ನಂಬಿಕೆಗೆ ಅರ್ಹವಾಗಿದೆ.

ಈಗ ಗುರಿ 600. ಸೂಪರ್‌ಚಾರ್ಜರ್ ತಿರುಗಲು ಕ್ರ್ಯಾಂಕ್‌ನಿಂದಲೇ ಶಕ್ತಿ ಕದಿಯುತ್ತದೆ. ಆ ಪಾಲು 50 ಎಂದು ಸದ್ಯಕ್ಕೆ ಹಿಡಿಯೋಣ, ಮುಂದೆ ಪರಿಶೀಲಿಸೋಣ. ಹಾಗಾದರೆ ಸಿಲಿಂಡರುಗಳಲ್ಲಿ ಹುಟ್ಟಬೇಕಾದದ್ದು 650, ಅದಕ್ಕೆ ಬೇಕಾದ ಗಾಳಿ ನಿಮಿಷಕ್ಕೆ 32.5 ಕಿಲೋ. ಎಂಜಿನ್ ತಾನಾಗಿ ಎಳೆಯುವುದಕ್ಕಿಂತ 1.53 ಪಟ್ಟು. ಮ್ಯಾನಿಫೋಲ್ಡಿನ ಗಾಳಿ ಹೊರಗಿನಷ್ಟೇ ತಣ್ಣಗಿದ್ದರೆ ಒತ್ತಡವೂ 1.53 ಪಟ್ಟಿದ್ದರೆ ಸಾಕಾಗುತ್ತಿತ್ತು. ಆದರೆ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿದ ಮೇಲೂ ಅದು 55 ಡಿಗ್ರಿಯಲ್ಲಿರುತ್ತದೆ ಎಂದುಕೊಂಡರೆ, ಕೆಲ್ವಿನ್ ಅಳತೆಯಲ್ಲಿ 298ರ ಬದಲು 328, ಅಂದರೆ ಗಾಳಿ ಶೇ. 10ರಷ್ಟು ಹಿಗ್ಗಿರುತ್ತದೆ. ಆ ಹಿಗ್ಗುವಿಕೆಯನ್ನು ಸರಿದೂಗಿಸಲು ಒತ್ತಡ ಅನುಪಾತ 1.68 ಆಗಬೇಕು. ವಾತಾವರಣದ ಒಂದು ಪಾಲನ್ನು ಕಳೆದರೆ ಉಳಿಯುವ 0.68 ಪಾಲೇ ಬೂಸ್ಟ್, ಸುಮಾರು 10 ಪಿಎಸ್‌ಐ. ಎಲ್‌ಎಸ್9 ಎಂಜಿನ್ 10.5 ಪಿಎಸ್‌ಐಗೆ 638 ಕೊಡುವುದರಿಂದ ನಮ್ಮ ಸಂಖ್ಯೆ ಸರಿಯಾದ ನೆರೆಯಲ್ಲೇ ಬಂದು ನಿಂತಿದೆ.

ಊರಿನ ಎತ್ತರವನ್ನು ಮರೆಯಬಾರದು. ಮೇಲಿನ ಲೆಕ್ಕದಂತೆ ಮ್ಯಾನಿಫೋಲ್ಡಿನಲ್ಲಿ ಇರಬೇಕಾದ ಒಟ್ಟು ಒತ್ತಡ ಸುಮಾರು 170 ಕಿಲೋಪಾಸ್ಕಲ್. ಸುಮಾರು 1600 ಮೀಟರ್ ಎತ್ತರದ ಡೆನ್ವರ್‌ನಲ್ಲಿ ವಾತಾವರಣದ ಒತ್ತಡವೇ ಸುಮಾರು 83 ಕಿಲೋಪಾಸ್ಕಲ್ ಇರುವುದರಿಂದ ಅಲ್ಲಿ ಒತ್ತಡ ಅನುಪಾತ 2ನ್ನು ದಾಟುತ್ತದೆ. ನಮ್ಮ ಬೆಂಗಳೂರೂ 920 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಇದೇ ಲೆಕ್ಕ 1.87 ಆಗುತ್ತದೆ. ಸಮುದ್ರ ಮಟ್ಟದ ಊರಿನವರು ಮೆಚ್ಚಿ ಶಿಫಾರಸು ಮಾಡಿದ ಪುಲ್ಲಿ ಎತ್ತರದ ಊರಿನಲ್ಲಿ ನಿರಾಸೆ ತರುವುದು ಈ ಕಾರಣಕ್ಕೆ.

ಮೂರನೆಯ ಹೆಜ್ಜೆ: ಯಾವ ಬಗೆಯದು

ಮೂರು ಬಗೆಗಳಿವೆ. ಅವುಗಳ ನಡುವಿನ ವ್ಯತ್ಯಾಸ ಗಾಳಿಯನ್ನು ಎಲ್ಲಿ, ಹೇಗೆ ಒತ್ತಲಾಗುತ್ತದೆ ಎಂಬುದರಲ್ಲಿದೆ. ಅದು ಮನಸ್ಸಿಗೆ ಬಂದರೆ ಉಳಿದ ಗುಣದೋಷಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ರೂಟ್ಸ್ ಬಗೆ ಅತ್ಯಂತ ಹಳೆಯದು. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್‌ನ ರೂಟ್ಸ್ ಸಹೋದರರು 1860ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮೋಟಾರು ಕಾರು ಇನ್ನೂ ಹುಟ್ಟಿರದ ಕಾಲದಲ್ಲಿ ಅದು ಕುಲುಮೆಗಳಿಗೆ ಗಾಳಿ ಊದುವ ಯಂತ್ರವಾಗಿತ್ತು. ಎರಡು ರೋಟರುಗಳು ಒಂದಕ್ಕೊಂದು ತಾಗದೆ ಎದುರು ಬದುರಾಗಿ ತಿರುಗುತ್ತ, ಗೋಡೆಯ ಬದಿಯಿಂದ ಗಾಳಿಯನ್ನು ಮೊಗೆಮೊಗೆದು ಆಚೆ ಬದಿಗೆ ಸುರಿಯುತ್ತವೆ. ಒಳಗೆ ಗಾಳಿ ಒತ್ತಿಕೊಳ್ಳುವುದೇ ಇಲ್ಲ; ಮ್ಯಾನಿಫೋಲ್ಡಿನಲ್ಲಿ ಆಗಲೇ ತುಂಬಿರುವ ಗಾಳಿ ಹಿಂದಕ್ಕೆ ನುಗ್ಗಿ ಹೊಸ ಗಾಳಿಯನ್ನು ಒತ್ತುತ್ತದೆ. ಈ ಹಿಂದುಮುಂದಿನ ನುಗ್ಗಾಟದಲ್ಲಿ ಶಾಖ ಹೆಚ್ಚುತ್ತದೆ. ಡೆಟ್ರಾಯ್ಟ್ ಡೀಸೆಲ್ ಲಾರಿ ಎಂಜಿನ್‌ಗಳಿಂದ ಬಿಚ್ಚಿ ತಂದ 6-71 ಬ್ಲೋವರುಗಳನ್ನು ಡ್ರ್ಯಾಗ್ ಓಟಗಾರರು ಬಾನೆಟ್ ಸೀಳಿ ಕೂರಿಸುತ್ತಿದ್ದದ್ದು ಇದೇ ಬಗೆಯದನ್ನು. ಆರು ಸಿಲಿಂಡರ್, ಪ್ರತಿಯೊಂದೂ 71 ಘನ ಇಂಚು ಎಂಬುದೇ ಆ ಹೆಸರಿನ ಅರ್ಥ. ಈಟನ್ ಸಂಸ್ಥೆಯ ಟಿವಿಎಸ್ ಸರಣಿ ಈ ವಂಶದ ಇಂದಿನ ಕುಡಿ. ಹೊಸೂರಿನ ಟಿವಿಎಸ್ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ, ಹೆಸರಷ್ಟೇ ಒಂದು. ಹಳೆಯ ಈಟನ್ ರೋಟರಿನಲ್ಲಿ ಮೂರು ದಳಗಳಿದ್ದು 60 ಡಿಗ್ರಿ ತಿರುಚಿದ್ದರೆ, ಟಿವಿಎಸ್‌ನಲ್ಲಿ ನಾಲ್ಕು ದಳಗಳು 160 ಡಿಗ್ರಿ ತಿರುಚಿಕೊಂಡಿವೆ. ಆ ತಿರುಚುವಿಕೆಯಿಂದ ಗಾಳಿ ಬಡಿದಾಡದೆ ಜಾರಿಕೊಂಡು ಸಾಗುತ್ತದೆ; ದಕ್ಷತೆ ಗಣನೀಯವಾಗಿ ಏರಿತು.

ಟ್ವಿನ್ ಸ್ಕ್ರೂ ಬಗೆ ಸ್ವೀಡನ್ನಿನ ಆಲ್ಫ್ ಲಿಸ್‌ಹೋಮ್ ಅವರ 1930ರ ದಶಕದ ಕೆಲಸದಿಂದ ಬಂದದ್ದು. ಹೊರನೋಟಕ್ಕೆ ರೂಟ್ಸ್‌ನಂತೆಯೇ ಕಂಡರೂ, ಎರಡು ತಿರುಪುಗಳು ಒಂದರೊಳಗೊಂದು ಹೆಣೆದುಕೊಂಡು ತಿರುಗುತ್ತ ನಡುವಿನ ಜಾಗವನ್ನು ಕಿರಿದಾಗಿಸುತ್ತ ಹೋಗುವುದರಿಂದ ಗಾಳಿ ಒಳಗೇ ಒತ್ತಿಕೊಂಡು ಹೊರಬರುತ್ತದೆ. ಹೆಚ್ಚಿನ ಬೂಸ್ಟಿನಲ್ಲಿ ಇದು ರೂಟ್ಸ್‌ಗಿಂತ ತಣ್ಣಗೆ ದುಡಿಯುತ್ತದೆ. ಆದರೆ ನಿಧಾನವಾಗಿ ಸಾಗುವಾಗಲೂ ಒತ್ತುವ ಕೆಲಸ ಪೂರ್ತಿ ನಿಲ್ಲುವುದಿಲ್ಲವಾದ್ದರಿಂದ ಬೇಡವಾದ ಗಾಳಿಯನ್ನು ಹಿಂದಕ್ಕೆ ಸುತ್ತಿಸಿ ಬಿಡುವ ಒಳ್ಳೆಯ ಬೈಪಾಸ್ ವಾಲ್ವ್ ಇರಲೇಬೇಕು. 2015ರ ಡಾಡ್ಜ್ ಹೆಲ್‌ಕ್ಯಾಟ್‌ನ 707 ಅಶ್ವಶಕ್ತಿಯ ಎಂಜಿನ್ ಮೇಲಿರುವುದು 2.4 ಲೀಟರ್‌ನ ಟ್ವಿನ್ ಸ್ಕ್ರೂ. ಅದನ್ನು ತಿರುಗಿಸಲು ಪೂರ್ಣ ವೇಗದಲ್ಲಿ ಸುಮಾರು 80 ಅಶ್ವಶಕ್ತಿ ಬೇಕೆಂದು ಡಾಡ್ಜ್ ಸಂಸ್ಥೆಯೇ ಹೇಳಿತ್ತು. ಒಂದು ಸಣ್ಣ ಕಾರಿನ ಇಡೀ ಎಂಜಿನ್ನಿನ ಶಕ್ತಿ ಅದು.

ಸೆಂಟ್ರಿಫ್ಯೂಗಲ್ ಬಗೆ ಬೇರೆಯೇ ಜಾತಿಯದು. ಟರ್ಬೊದ ಕಂಪ್ರೆಸರ್ ಭಾಗವನ್ನು ಎಕ್ಸಾಸ್ಟ್ ಬದಲು ಬೆಲ್ಟಿನಿಂದ ತಿರುಗಿಸಿದಂತೆ. ಒಳಗಿನ ಗಿಯರುಗಳು ವೇಗವನ್ನು ಹೆಚ್ಚಿಸಿ ಇಂಪೆಲ್ಲರ್ ಎಂಬ ರೆಕ್ಕೆಗಳ ಚಕ್ರವನ್ನು ನಿಮಿಷಕ್ಕೆ 50,000 ಸುತ್ತುಗಳಿಗೂ ಮೀರಿ ಓಡಿಸುತ್ತವೆ. ಪ್ರೊಚಾರ್ಜರ್, ವೊರ್ಟೆಕ್ ಸಂಸ್ಥೆಗಳ ಕಿಟ್‌ಗಳು ಈ ಬಗೆಯವು. 1957ರ ಫೋರ್ಡ್ ಥಂಡರ್‌ಬರ್ಡ್‌ನ ಸೂಪರ್‌ಚಾರ್ಜ್ ಮಾಡಿದ ಮಾದರಿಯಲ್ಲಿದ್ದ ಮೆಕಲಕ್ ಘಟಕವೂ ಇದರ ಹಿರಿಯ. ದಕ್ಷತೆಯಲ್ಲಿ ಇದು ಮೂರರಲ್ಲಿ ಮೇಲು, ಎಂಜಿನ್ ಮೇಲೆ ಕೂರದೆ ಪಕ್ಕದಲ್ಲಿ ಕೂರುವುದರಿಂದ ಬಾನೆಟ್ಟಿಗೂ ತಾಗದು. ಆದರೆ ಇದರ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 6500 ಆರ್‌ಪಿಎಂನಲ್ಲಿ 10 ಪಿಎಸ್‌ಐ ಕೊಡುವ ಘಟಕ 3250ರಲ್ಲಿ ಕೊಡುವುದು ಸುಮಾರು ಎರಡೂವರೆ ಮಾತ್ರ. ರೂಟ್ಸ್ ಮತ್ತು ಸ್ಕ್ರೂ ಬಗೆಗಳು ಅದೇ 3250ರಲ್ಲೂ ಬಹುಪಾಲು ಬೂಸ್ಟನ್ನು ಕಾಲಡಿಗೆ ತಂದು ನಿಲ್ಲಿಸುತ್ತವೆ.

ಈ ವ್ಯತ್ಯಾಸ ಕಾಗದದ ಮೇಲೆ ಕಾಣುವುದಕ್ಕಿಂತ ಚಾಲಕನ ಆಸನದಲ್ಲಿ ಹೆಚ್ಚು ಕಾಣುತ್ತದೆ. ಟಿವಿಎಸ್ ಕೂರಿಸಿದ ಕಾರಿನಲ್ಲಿ ಮೂರನೆಯ ಗಿಯರಿನಲ್ಲಿ ಸುಮ್ಮನೆ ಸಾಗುತ್ತಿದ್ದಾಗ ಆಕ್ಸಿಲರೇಟರ್ ಒತ್ತಿದರೆ ಬೆನ್ನು ಆ ಕ್ಷಣವೇ ಸೀಟಿಗೆ ಅಂಟುತ್ತದೆ, ಜೊತೆಗೆ ಬಾನೆಟ್ ಕೆಳಗಿನಿಂದ ಒಂದು ಸಣ್ಣ ಸಿಳ್ಳು ಏರುತ್ತ ಬರುತ್ತದೆ. ಸೆಂಟ್ರಿಫ್ಯೂಗಲ್ ಕಾರಿನಲ್ಲಿ 4000ದವರೆಗೆ ದೊಡ್ಡ ಎಂಜಿನ್ನಿನ ಸೌಮ್ಯ ಎಳೆತವಿದ್ದು, ಆಮೇಲೆ ಮುಳ್ಳು ಕೆಂಪು ಗೆರೆಯತ್ತ ಓಡಿದಷ್ಟೂ ಬಲ ಕೂಡುತ್ತ ಹೋಗುತ್ತದೆ. ಪೇಟೆಯೊಳಗೆ ಓಡಿಸುವ, ಭಾರದ ಕಾರಿಗೆ ಮೊದಲನೆಯದು ಒಳ್ಳೆಯದು. ಹಗುರ ಕಾರು, ಹೆಚ್ಚು ಆರ್‌ಪಿಎಂನಲ್ಲಿಯೇ ಉಳಿಯುವ ಸರ್ಕ್ಯೂಟ್ ಓಟ, ಹಿಂದಿನ ಚಕ್ರಗಳಿಗೆ ಹಿಡಿತ ಕಡಿಮೆ ಎಂಬ ಸ್ಥಿತಿಯಿದ್ದರೆ ನಾನು ಸೆಂಟ್ರಿಫ್ಯೂಗಲ್ ಕಡೆ ವಾಲುತ್ತೇನೆ. ಕೆಳ ಆರ್‌ಪಿಎಂನಲ್ಲಿ ಟಾರ್ಕ್ (ತಿರುಗುಬಲ) ಕಡಿಮೆ ಇರುವುದು ಅಲ್ಲಿ ಟೈರಿಗೂ ಪಿಸ್ಟನ್ನಿಗೂ ಉಪಕಾರವೇ.

ಶಾಖವನ್ನು ಸಂಖ್ಯೆಯಲ್ಲಿ ನೋಡಿದರೆ ಆಯ್ಕೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಒತ್ತಡ ಅನುಪಾತ 1.68, ಹೊರಗೆ 25 ಡಿಗ್ರಿ. ಶೇ. 50 ದಕ್ಷತೆಯ ಹಳೆಯ ರೂಟ್ಸ್‌ನಿಂದ ಹೊರಬರುವ ಗಾಳಿ ಸುಮಾರು 120 ಡಿಗ್ರಿ, ಶೇ. 65ರ ಟಿವಿಎಸ್‌ನಿಂದ 98, ಶೇ. 75ರ ಸೆಂಟ್ರಿಫ್ಯೂಗಲ್‌ನಿಂದ 89. ಈ ಶಾಖವೆಲ್ಲ ಕ್ರ್ಯಾಂಕ್‌ನಿಂದ ಕದ್ದ ಶಕ್ತಿಯೇ. ನಿಮಿಷಕ್ಕೆ 32.5 ಕಿಲೋ ಗಾಳಿಯನ್ನು 73 ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾದದ್ದು ಸುಮಾರು 40 ಕಿಲೋವ್ಯಾಟ್, ಅಂದರೆ 53 ಅಶ್ವಶಕ್ತಿ. ನಾವು ಮೊದಲೇ ಹಿಡಿದಿದ್ದ 50 ಸರಿಯಾಗಿತ್ತು ಎಂದಾಯಿತು. ಅದೇ ಕೆಲಸಕ್ಕೆ ಹಳೆಯ ರೂಟ್ಸ್ ಸುಮಾರು 70 ಕೇಳುತ್ತದೆ.

ನಾಲ್ಕನೆಯ ಹೆಜ್ಜೆ: ಗಾತ್ರ ಮತ್ತು ಪುಲ್ಲಿ

ನಿಮಿಷಕ್ಕೆ 32.5 ಕಿಲೋ ಎಂದರೆ ಸುಮಾರು 27,500 ಲೀಟರ್ ಗಾಳಿ ಸೂಪರ್‌ಚಾರ್ಜರಿನ ಬಾಯಿಗೆ ಹೋಗಬೇಕು. ಘಟಕದ ಮೇಲೆ ಬರೆದಿರುವ 2.3 ಎಂಬ ಸಂಖ್ಯೆ ಒಂದು ಸುತ್ತಿಗೆ ಅದು ಸಾಗಿಸುವ ಲೀಟರು. ಸೋರಿಕೆಗೆ ಶೇ. 7 ಬಿಟ್ಟರೆ 2.3 ಲೀಟರ್ ಘಟಕ ಸುಮಾರು 12,900 ಆರ್‌ಪಿಎಂನಲ್ಲಿ ತಿರುಗಬೇಕು. 1.9 ಲೀಟರಿನದಾದರೆ 15,600, 2.65 ಲೀಟರಿನದಾದರೆ 11,200. ಮೂರೂ ಅದೇ ಗಾಳಿಯನ್ನು ತಲುಪಿಸುತ್ತವೆ, ಆದರೆ ಚಿಕ್ಕದು ಏದುಸಿರು ಬಿಟ್ಟು ತಲುಪಿಸುತ್ತದೆ. ತಯಾರಕರು ಪ್ರಕಟಿಸುವ ದಕ್ಷತೆಯ ನಕ್ಷೆಯಲ್ಲಿ ನಿಮ್ಮ ಗಾಳಿಯ ಪ್ರಮಾಣ ಮತ್ತು ಒತ್ತಡ ಅನುಪಾತಗಳು ಕೂಡುವ ಬಿಂದುವನ್ನು ಪೆನ್ಸಿಲಿನಲ್ಲಿ ಗುರುತಿಸಿ. ಆ ಬಿಂದು ನಡುವಿನ ದ್ವೀಪದ ಒಳಗೋ ಅಂಚಿನಲ್ಲೋ ಇರಬೇಕು. ಬಲತುದಿಗೆ ಜರುಗಿದ್ದರೆ ದೊಡ್ಡ ಘಟಕ ಬೇಕೆಂದು ಅರ್ಥ. ಸೆಂಟ್ರಿಫ್ಯೂಗಲ್ ನಕ್ಷೆಯಲ್ಲಿ ಎಡಗಡೆಯ ಸರ್ಜ್ ಗೆರೆಯನ್ನೂ ನೋಡಬೇಕು. ಅದರಾಚೆ ಗಾಳಿ ಹಿಂದಕ್ಕೆ ಬಡಿಯತೊಡಗಿ ಬೇರಿಂಗುಗಳನ್ನು ಹಾಳುಮಾಡುತ್ತದೆ. ಆಕ್ಸಿಲರೇಟರ್ ಬಿಟ್ಟ ಕ್ಷಣದಲ್ಲಿ ಹೀಗಾಗದಂತೆ ತಡೆಯಲೆಂದೇ ಗಾಳಿ ಹೊರಬಿಡುವ ವಾಲ್ವ್ ಇರುವುದು.

ನಮ್ಮ ಉದಾಹರಣೆಗೆ 2.3 ಸರಿಯಾದ ಅಳತೆ. ಮುಂದೆ 750ಕ್ಕೆ ಏರಿಸುವ ಯೋಚನೆ ಇದ್ದವರು ಈಗಲೇ 2.65 ಕೊಂಡು ನಿಧಾನವಾಗಿ ತಿರುಗಿಸುವುದು ಮೇಲು. 12,900ನ್ನು 6500ರಿಂದ ಭಾಗಿಸಿದರೆ ಅನುಪಾತ 1.98. ಕ್ರ್ಯಾಂಕ್ ಪುಲ್ಲಿಯ ವ್ಯಾಸ 190 ಮಿ.ಮೀ. ಇದ್ದರೆ ಸೂಪರ್‌ಚಾರ್ಜರ್ ಪುಲ್ಲಿ 96 ಮಿ.ಮೀ. ಅದನ್ನು ಐದು ಮಿ.ಮೀ. ಕಿರಿದು ಮಾಡಿದರೆ ವೇಗ ಶೇ. 5.5ರಷ್ಟು ಏರುತ್ತದೆ. ಹಾಗೆ ಕಿರಿದು ಮಾಡುತ್ತ ಹೋದಂತೆ ಬೆಲ್ಟ್ ಪುಲ್ಲಿಯನ್ನು ಸುತ್ತಿ ಹಿಡಿಯುವ ಜಾಗವೂ ಕಿರಿದಾಗಿ ಬೆಲ್ಟ್ ಜಾರತೊಡಗುತ್ತದೆ. ತಯಾರಕರು ಹೇಳಿದ ಗರಿಷ್ಠ ಆರ್‌ಪಿಎಂ ಮಿತಿಯನ್ನು ಯಾವ ಕಾರಣಕ್ಕೂ ದಾಟಬೇಡಿ.

ಐದನೆಯ ಹೆಜ್ಜೆ: ಇಂಟರ್‌ಕೂಲರ್

98 ಡಿಗ್ರಿಯ ಗಾಳಿಯನ್ನು 55ಕ್ಕೆ ಇಳಿಸಬೇಕು ಎಂದು ನಾವು ಸುಲಭವಾಗಿ ಬರೆದೆವು. ಅಷ್ಟು ಶಾಖವನ್ನು ಹೊರಹಾಕುವುದೆಂದರೆ ಸುಮಾರು 23 ಕಿಲೋವ್ಯಾಟ್. ಮನೆಯ ಎರಡು ಕಿಲೋವ್ಯಾಟಿನ ಗೀಸರುಗಳನ್ನು ಹನ್ನೆರಡರಷ್ಟು ಒಟ್ಟಿಗೆ ಹಾಕಿದಷ್ಟು ಬಿಸಿ. ಟಿವಿಎಸ್ ಮತ್ತು ಸ್ಕ್ರೂ ಘಟಕಗಳಲ್ಲಿ ನೀರಿನಿಂದ ತಣಿಸುವ ಇಂಟರ್‌ಕೂಲರ್ ಘಟಕದ ಒಳಗೇ ಇರುತ್ತದೆ. ಆ ನೀರನ್ನು ಪುನಃ ತಣಿಸಲು ಕಾರಿನ ಮುಂಭಾಗದಲ್ಲಿ ಬೇರೆ ರೇಡಿಯೇಟರ್ ಮತ್ತು ವಿದ್ಯುತ್ ಪಂಪು ಬೇಕು. ಅನೇಕರು ದುಡ್ಡನ್ನೆಲ್ಲ ಮೇಲಿನ ಹೊಳೆಯುವ ಘಟಕಕ್ಕೆ ಸುರಿದು ಈ ರೇಡಿಯೇಟರನ್ನು ಚಿಕ್ಕದಾಗಿ ಬಿಡುತ್ತಾರೆ. ಮೊದಲ ಎರಡು ಸುತ್ತು ಕಾರು ಹಾರುತ್ತದೆ, ಮೂರನೆಯದರಲ್ಲಿ ನೀರೇ ಕಾದು, ಎಂಜಿನ್‌ನ ಕಂಪ್ಯೂಟರ್ ಇಗ್ನಿಷನ್ (ಕಿಡಿ ಹಾರುವ ಹೊತ್ತು) ಹಿಂದೆ ಸರಿಸಿ ಶಕ್ತಿ ತಗ್ಗಿಸುತ್ತದೆ. ದೊಡ್ಡ ಕಾರ್ಖಾನೆಗಳೂ ಈ ಪಾಠವನ್ನು ಕಲಿಯಬೇಕಾಗಿ ಬಂದಿದೆ: 1.7 ಲೀಟರ್ ಸೂಪರ್‌ಚಾರ್ಜರ್ ಇದ್ದ 2015ರ ಕಾರ್ವೆಟ್ ಝಡ್06 ಟ್ರ್ಯಾಕಿನಲ್ಲಿ ಅತಿಯಾಗಿ ಬಿಸಿಯಾಗುತ್ತದೆಂಬ ದೂರುಗಳ ನಂತರ, 2017ರ ಮಾದರಿಗೆ ಬಾನೆಟ್ಟಿನ ಗಾಳಿಕಿಂಡಿಗಳನ್ನು ಹಿಗ್ಗಿಸಲಾಯಿತು. ಡ್ರ್ಯಾಗ್ ಓಟದವರು ಮಾತ್ರ ಡಿಕ್ಕಿಯಲ್ಲಿ ಮಂಜುಗಡ್ಡೆಯ ತೊಟ್ಟಿ ಇಟ್ಟು ಈ ಕಷ್ಟದಿಂದ ಪಾರಾಗಬಹುದು.

ಆರನೆಯ ಹೆಜ್ಜೆ: ಎಂಜಿನ್ನಿನ ಒಡಲು

ಇಲ್ಲಿ ಒಂದು ಕಂಡ ಸಂಗತಿಯನ್ನು ಹೇಳಬೇಕು. ಗೆಳೆಯರೊಬ್ಬರ ಎಲ್‌ಎಸ್3 ಕಾರಿಗೆ ಒಂದು ಅಂಗಡಿಯವರು ಸೂಪರ್‌ಚಾರ್ಜರ್ ಕೂರಿಸಿಕೊಟ್ಟರು. ಎರಡು ತಿಂಗಳಲ್ಲಿ ಎಣ್ಣೆ ಉರಿಯುವ ನೀಲಿ ಹೊಗೆ ಕಾಣಿಸಿತು. ಏಳನೆಯ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಟಾರ್ಚ್ ಬೆಳಕಿನಲ್ಲಿ ತಿರುಗಿಸಿ ನೋಡಿದಾಗ, ಬಿಳಿಯ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ, ಬೆಳ್ಳಿಯಂತೆ ಹೊಳೆಯುವ ಚುಕ್ಕೆಗಳಿದ್ದವು. ಅವು ಪಿಸ್ಟನ್ನಿನ ಅಲ್ಯೂಮಿನಿಯಂ. ಆ ಸಿಲಿಂಡರಿಗೆ ಒತ್ತಡದ ಗಾಳಿ ಬಿಟ್ಟಾಗ ಎಣ್ಣೆ ತುಂಬುವ ಬಾಯಿಯಿಂದ ಬುಸ್ಸೆಂದು ಹೊರಬಂತು. ಎಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ಮೊದಲ ಮತ್ತು ಎರಡನೆಯ ರಿಂಗಿನ ನಡುವಿನ ಪಟ್ಟಿ ಹೆಬ್ಬೆರಳಿನಗಲ ಮುರಿದುಬಿದ್ದಿತ್ತು. ರಿಂಗಿನ ತುದಿಗಳು ಒಂದಕ್ಕೊಂದು ತಿಕ್ಕಿ ಕನ್ನಡಿಯಂತೆ ಹೊಳೆಯುತ್ತಿದ್ದವು. ಶಾಖಕ್ಕೆ ರಿಂಗು ಹಿಗ್ಗಿದಾಗ ತುದಿಗಳ ನಡುವೆ ಜಾಗ ಉಳಿದಿರಲಿಲ್ಲ. ಮುಂದಕ್ಕೆ ಹೋಗಲು ಎಡೆಯಿಲ್ಲದ ರಿಂಗು ಪಿಸ್ಟನ್ನನ್ನೇ ಸೀಳಿತ್ತು.

ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ನಿಗೆ ಬೋರಿನ ಪ್ರತಿ ಇಂಚಿಗೆ ಇಂಚಿನ ಸಾವಿರ ಪಾಲಿನಲ್ಲಿ ನಾಲ್ಕು ಪಾಲು ಎಂಬ ಲೆಕ್ಕದಲ್ಲಿ, ಈ ಬೋರಿಗೆ ರಿಂಗಿನ ತುದಿಗಳ ನಡುವೆ ಸುಮಾರು 0.41 ಮಿ.ಮೀ. ಸಂದು ಸಾಕು. ಬೂಸ್ಟ್ ಇರುವಲ್ಲಿ ಸಾವಿರದಲ್ಲಿ ಆರು ಪಾಲಿನಂತೆ ಸುಮಾರು 0.62 ಮಿ.ಮೀ. ಬೇಕು, ಕೊನೆಯ ಮಾತು ಪಿಸ್ಟನ್ ತಯಾರಕರ ಪಟ್ಟಿಯದು. ಎಲ್‌ಎಸ್3ರ ಕಾರ್ಖಾನೆ ಪಿಸ್ಟನ್ನುಗಳು ಎರಕದವು. ಐದಾರು ಪಿಎಸ್‌ಐವರೆಗೆ ಎಚ್ಚರದ ಟ್ಯೂನಿಂಗ್‌ನಲ್ಲಿ ಅವು ಬಾಳಬಹುದು, ಆದರೆ ನಮ್ಮ 10 ಪಿಎಸ್‌ಐಗೆ ಫೋರ್ಜ್ ಮಾಡಿದ (ಲೋಹವನ್ನು ಒತ್ತಿ ಬಡಿದು ರೂಪಿಸಿದ) ಪಿಸ್ಟನ್ನುಗಳನ್ನೇ ಹಾಕಬೇಕು, ಕಂಪ್ರೆಷನ್ ಅನುಪಾತವನ್ನು 9.5ರ ಆಸುಪಾಸಿಗೆ ತರಬೇಕು. ಇದನ್ನು ಉಳಿಸಿ ದೊಡ್ಡ ಸೂಪರ್‌ಚಾರ್ಜರ್ ಕೊಳ್ಳುವುದು ಅಡಿಪಾಯ ಬಿಟ್ಟು ಮಹಡಿ ಕಟ್ಟಿದಂತೆ. ಹಣ ಒಂದಕ್ಕೇ ಸಾಲುವುದಾದರೆ ಆರು ಪಿಎಸ್‌ಐಗೆ ತೃಪ್ತಿಪಡಿ. ಆ ಕಾರು ಓಡುತ್ತಿರುತ್ತದೆ.

ಹೆಡ್ಡುಗಳನ್ನು ಒಮ್ಮೆ ಹಿಗ್ಗಿದರೆ ಮತ್ತೆ ಬಳಸಲಾಗದ ಕಾರ್ಖಾನೆ ಬೋಲ್ಟುಗಳ ಬದಲು ಗಟ್ಟಿ ಸ್ಟಡ್‌ಗಳಿಂದ ಬಿಗಿಯುವುದು, ಎಲ್‌ಎಸ್9ಕ್ಕೆ ಬಳಸಿದ ಬಹುಪದರ ಉಕ್ಕಿನ ಗ್ಯಾಸ್ಕೆಟ್ ಹಾಕುವುದು ರೂಢಿ. ವಾಲ್ವುಗಳನ್ನು ತೆರೆಯುವ ಉಬ್ಬುಗಳು (ಲೋಬ್‌ಗಳು) ಇರುವ ಕ್ಯಾಮ್‌ಶಾಫ್ಟನ್ನು ಆರಿಸುವಾಗ ಒಳ ಮತ್ತು ಹೊರ ವಾಲ್ವುಗಳು ಒಟ್ಟಿಗೆ ತೆರೆದಿರುವ ಅವಧಿ ಕಡಿಮೆ ಇರಬೇಕು, ಇಲ್ಲವಾದರೆ ಕಷ್ಟಪಟ್ಟು ಒತ್ತಿದ ಗಾಳಿ ಉರಿಯದೆ ಎಕ್ಸಾಸ್ಟಿಗೆ ಹೋಗುತ್ತದೆ. ಎಲ್‌ಎಸ್9ರ ಕ್ಯಾಮ್‌ನಲ್ಲಿ ಎರಡು ಲೋಬ್‌ಗಳ ನಡುವಿನ ಕೋನ 122.5 ಡಿಗ್ರಿಯಷ್ಟು ಅಗಲವಾಗಿರುವುದು ಈ ಕಾರಣಕ್ಕೆ.

ಏಳನೆಯ ಹೆಜ್ಜೆ: ಇಂಧನ ಮತ್ತು ಕಿಡಿ

32.5 ಕಿಲೋ ಗಾಳಿಗೆ, ಗಾಳಿ ಮತ್ತು ಪೆಟ್ರೋಲಿನ ಅನುಪಾತ 11.8 ಇರುವಂತೆ, ನಿಮಿಷಕ್ಕೆ 2.75 ಕಿಲೋ ಪೆಟ್ರೋಲ್ ಬೇಕು. ಲೀಟರಿನಲ್ಲಿ 3.7. ಎಂಟು ಇಂಜೆಕ್ಟರುಗಳಿಗೆ ಹಂಚಿ, ಅವು ಶೇ. 85ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂದು ಲೆಕ್ಕ ಹಾಕಿದರೆ ಪ್ರತಿಯೊಂದಕ್ಕೂ ನಿಮಿಷಕ್ಕೆ ಸುಮಾರು 545 ಸಿಸಿ ಬರುತ್ತದೆ. 630 ಸಿಸಿಯದನ್ನು ಕೊಳ್ಳಿ. ಬಹುಪಾಲು ಎಥನಾಲ್ ಇರುವ ಇ85 ಇಂಧನ ಬಳಸುವುದಾದರೆ ಶೇ. 40ರಷ್ಟು ಹೆಚ್ಚು ಹಿಡಿಯಿರಿ. ಅದರ ನಾಕಿಂಗ್ ತಡೆಯುವ ಗುಣ ಮತ್ತು ಆವಿಯಾಗುವಾಗ ತಣಿಸುವ ಗುಣ ಆ ಖರ್ಚಿಗೆ ತಕ್ಕ ಬೆಲೆ ಕೊಡುತ್ತವೆ. ಪಂಪಿನ ಸಾಮರ್ಥ್ಯವನ್ನು ಅದು ದುಡಿಯುವ ಒತ್ತಡದಲ್ಲಿ ನೋಡಬೇಕು, ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನಲ್ಲ. ಸ್ಪಾರ್ಕ್ ಪ್ಲಗ್ ಒಂದೆರಡು ಮೆಟ್ಟಿಲು ತಣ್ಣನೆಯದಿರಲಿ (ಶಾಖವನ್ನು ಬೇಗ ಬಿಟ್ಟುಕೊಡುವಂಥದು), ಸಂದು 0.7ರಿಂದ 0.8 ಮಿ.ಮೀ. ಇರಲಿ, ಒತ್ತಿದ ಗಾಳಿಯಲ್ಲಿ ಅಗಲ ಸಂದನ್ನು ಕಿಡಿ ದಾಟಲಾರದು. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಕಾರ್ಖಾನೆಯ ಮ್ಯಾಪ್ ಸೆನ್ಸರ್ ವಾತಾವರಣದ ಒತ್ತಡದ ಆಚೆ ಓದುವುದಿಲ್ಲವಾದ್ದರಿಂದ ಅದನ್ನೂ ಬದಲಿಸಬೇಕು.

ಎಂಟನೆಯ ಹೆಜ್ಜೆ: ಬೆಲ್ಟ್, ಬಾನೆಟ್, ಕಾನೂನು

ಎಲ್‌ಎಸ್ ಕುಟುಂಬದ ಸಾಮಾನ್ಯ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ನ ಮುಂದಿನ ತುದಿಯಲ್ಲಿ ಬೆಲ್ಟನ್ನು ಓಡಿಸುವ ಬ್ಯಾಲೆನ್ಸರ್ ಗಾಲಿಗೆ ಕೀಲಿ ಇಲ್ಲ. ಅದು ಬಿಗಿತದಿಂದಲೇ ನಿಂತಿದೆ. 50 ಅಶ್ವಶಕ್ತಿಯನ್ನು ಅದರ ಮೂಲಕ ಎಳೆಯುವಾಗ ಅದು ಜಾರಬಹುದಾದ್ದರಿಂದ ಪಿನ್ ಹೊಡೆಸುವುದು ಅಗತ್ಯ. ಆರು ಏಣಿನ ಬೆಲ್ಟಿಗಿಂತ ಎಂಟು ಅಥವಾ ಹತ್ತು ಏಣಿನದು ಮೇಲು. ಕೊಳ್ಳುವ ಮುನ್ನ ಎಂಜಿನ್ ಮೇಲೆ ಜೇಡಿಮಣ್ಣಿನ ಉಂಡೆಗಳನ್ನಿಟ್ಟು ಬಾನೆಟ್ ಮೆಲ್ಲಗೆ ಮುಚ್ಚಿ ತೆರೆದರೆ ಎಲ್ಲಿ ಎಷ್ಟು ಎತ್ತರ ಉಳಿದಿದೆ ಎಂಬುದು ಕೈಗೇ ಸಿಗುತ್ತದೆ.

ಕ್ಯಾಲಿಫೋರ್ನಿಯದ ರಸ್ತೆಯಲ್ಲಿ ಓಡಿಸುವವರು ಅಲ್ಲಿನ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರುವ ಕಿಟ್ಟನ್ನೇ ಕೊಳ್ಳಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಇಲ್ಲಿ ಇಂಥ ಎಂಜಿನ್ ಕಟ್ಟುವವರು ಅದನ್ನು ಟ್ರ್ಯಾಕಿಗೆಂದೇ ಕಟ್ಟಬೇಕು.

ಒಂಬತ್ತನೆಯ ಹೆಜ್ಜೆ: ಟ್ಯೂನಿಂಗ್ ಮತ್ತು ಮೊದಲ ಕಿಲೋಮೀಟರುಗಳು

ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಏರಿಸುವ ಮುನ್ನ ಸೂಪರ್‌ಚಾರ್ಜರಿಗೆ ದೊಡ್ಡ ಪುಲ್ಲಿ ಹಾಕಿ ಕಡಿಮೆ ಬೂಸ್ಟಿನಿಂದ ಆರಂಭಿಸಿ. ಪೂರ್ಣ ಭಾರದಲ್ಲಿ ಲ್ಯಾಂಬ್ಡಾ 0.80ರ ಸುತ್ತ, ಅಂದರೆ ಮೇಲೆ ಹೇಳಿದ 11.8ರ ಗಾಳಿ-ಪೆಟ್ರೋಲ್ ಅನುಪಾತದ ಸುತ್ತ ಇರಲಿ. ಇಗ್ನಿಷನ್ ಮುಂಗಡವನ್ನು 14 ಡಿಗ್ರಿಯಷ್ಟರಲ್ಲಿ ಶುರುಮಾಡಿ ಒಂದೊಂದೇ ಡಿಗ್ರಿ ಏರಿಸಿ. ಏರಿಸಿದರೂ ಟಾರ್ಕ್ ಹೆಚ್ಚದಿದ್ದರೆ, ಅಥವಾ ನಾಕ್ ಸೆನ್ಸರ್ ಒಮ್ಮೆಯಾದರೂ ಸೂಚನೆ ಕೊಟ್ಟರೆ, ಎರಡು ಡಿಗ್ರಿ ಹಿಂದಕ್ಕೆ ಬಂದು ಅಲ್ಲೇ ನಿಲ್ಲಿಸಿ. ಟ್ಯೂನ್ ಮಾಡುವವರು ಮ್ಯಾನಿಫೋಲ್ಡಿನ ಗಾಳಿಯ ಉಷ್ಣತೆಯನ್ನು ದಾಖಲಿಸುತ್ತಿಲ್ಲ ಎಂದು ಕಂಡರೆ ಕೆಲಸ ನಿಲ್ಲಿಸಿ ಕೇಳಿ. ಮೊದಲ ಓಟಕ್ಕೂ ಐದನೆಯ ಓಟಕ್ಕೂ ಆ ಉಷ್ಣತೆ ಹೇಗೆ ಏರಿತು ಎಂಬುದೇ ನಿಮ್ಮ ಇಂಟರ್‌ಕೂಲರಿನ ನಿಜವಾದ ಪರೀಕ್ಷೆ.

ಮೊದಲ 500 ಕಿಲೋಮೀಟರ್ ಮುಗಿದ ಮೇಲೆ ಬಾನೆಟ್ ತೆಗೆದು ಪುಲ್ಲಿಗಳ ಸುತ್ತ ಬೆರಳಾಡಿಸಿ ನೋಡಿ. ಕಪ್ಪು ರಬ್ಬರಿನ ನುಣುಪು ಪುಡಿ ಬೆರಳಿಗೆ ಅಂಟಿದರೆ ಬೆಲ್ಟ್ ಜಾರುತ್ತಿದೆ ಎಂದರ್ಥ, ಅದರ ಪುಡಿ ಒಂದೇ ಬದಿಯಲ್ಲಿದ್ದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. ಉಕ್ಕಿನ ನೇರ ಪಟ್ಟಿಯೊಂದನ್ನು ಎರಡೂ ಪುಲ್ಲಿಗಳ ಮುಖಕ್ಕೆ ಒತ್ತಿ ಹಿಡಿದು, ನಡುವೆ ಬೆಳಕು ಇಣುಕುವ ಕಡೆಗೆ ಶಿಮ್ (ತೆಳು ತಗಡು) ಕೊಟ್ಟು ಸರಿಪಡಿಸಿ. ಸೂಪರ್‌ಚಾರ್ಜರಿಗೆ ತನ್ನದೇ ಎಣ್ಣೆ ಇದ್ದರೆ ಕಡ್ಡಿ ತೆಗೆದು ಮಟ್ಟ ನೋಡಿ, ಎಂಟೂ ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರಿನ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಟ್ಟು, ಏಳನೆಯದನ್ನು ಟಾರ್ಚ್ ಬೆಳಕಿನಲ್ಲಿ ಎರಡು ಸಲ ತಿರುಗಿಸಿ ನೋಡಿ.